‘ದಿನಾ ತಗೊಳ್ಳೋದು ಲೆಕ್ಕಕ್ಕಿಲ್ಲ’ ಅಂದುಕೊಂಡಿದ್ದರು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಂಗಳವಾರ ಬೆಳಿಗ್ಗೆ ನನ್ನ ಬಳಿ ಸಲಹೆ ಕೇಳಲು ಬಂದವರು ಕುರ್ಚಿಯ ಅಂಚಿನಲ್ಲಿ ಕೂತರು. ವಯಸ್ಸು 29, ಒಂದು ಮಗುವಿನ ತಾಯಿ. ಶನಿವಾರ ರಾತ್ರಿ ಕಾಂಡೋಮ್ ಹರಿದಿತ್ತು. ಭಾನುವಾರ ಸಂಜೆ ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ್ದರು. ಅದರ ಖಾಲಿ ಪಟ್ಟಿಯನ್ನು ಇನ್ನೂ ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು: ಲಿವೊನಾರ್ಜೆಸ್ಟ್ರೆಲ್, 1.5 ಮಿಲಿಗ್ರಾಂ.

“ನಾನು ಗರ್ಭ ತೆಗೆಸಿಬಿಟ್ಟೆನಾ ಮೇಡಂ?” ಮೊದಲ ಪ್ರಶ್ನೆಯೇ ಅದು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದೆ. ವೀರ್ಯಾಣು ಒಳಗೆ ಸುಮಾರು 5 ದಿನದವರೆಗೆ ಜೀವಂತ ಇರಬಲ್ಲದು. ಅಂಡ ಹೊರಬಂದ ಮೇಲೆ ಉಳಿಯುವುದು ಹೆಚ್ಚೆಂದರೆ ಒಂದು ದಿನ. ಈ ಮಾತ್ರೆ ಅಂಡ ಹೊರಬರುವುದನ್ನು ಮುಂದೂಡುತ್ತದೆ. ಅಷ್ಟರಲ್ಲಿ ಕಾದಿರುವ ವೀರ್ಯಾಣು ಸಾಯುತ್ತದೆ, ಎರಡೂ ಸೇರುವುದೇ ಇಲ್ಲ. ನಿಂತ ಗರ್ಭವನ್ನು ಇದು ಕೆಡಿಸುವುದಿಲ್ಲ. ಗರ್ಭಪಾತದ ಮಾತ್ರೆಯೇ ಬೇರೆ, ಇದೇ ಬೇರೆ. ಅವರು ಆ ಗೆರೆಯ ಮೇಲೆ ಬೆರಳಾಡಿಸಿ “ಹಾಗಾದ್ರೆ ನಾನೇನೂ ಮಾಡಿಲ್ಲ” ಅಂದರು. ಇಲ್ಲ, ನೀವೇನೂ ತಪ್ಪು ಮಾಡಿಲ್ಲ ಅಂದೆ. ಈ ಎರಡು ಮಾತ್ರೆಗಳ ಗೊಂದಲದಿಂದಲೇ ಎಷ್ಟೋ ಹೆಂಗಸರು ಇಲ್ಲದ ಪಾಪವನ್ನು ಹೊತ್ತು ತಿರುಗುವುದನ್ನು ನೋಡಿದ್ದೇನೆ, ಸಂಕಟವಾಗುತ್ತದೆ.

ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯವೂ ಇತ್ತು. ಅದಕ್ಕೂ ಆಧಾರವಿಲ್ಲ.

ಆಮೇಲೆ ನನ್ನ ಮಾಮೂಲಿ ಪ್ರಶ್ನೆಗಳು. ನುಂಗಿ 2 ಗಂಟೆಯೊಳಗೆ ವಾಂತಿ ಆಯಿತಾ? ಆಗಿದ್ದರೆ ಇನ್ನೊಂದು ತಗೊಳ್ಳಬೇಕಿತ್ತು. ಆಗಿರಲಿಲ್ಲ. ಬೇರೆ ಯಾವುದಾದರೂ ಮಾತ್ರೆ ತಗೊಳ್ತೀರಾ? “ಏನೂ ಇಲ್ಲ.”

ಎದ್ದು ಹೊರಡುವಾಗ ಕರ್ಚೀಫನ್ನು ಚೀಲಕ್ಕೆ ತುರುಕಿದರು. ಒಳಗಿನಿಂದ ಇನ್ನೊಂದು ಪಟ್ಟಿ ಜಾರಿ ಬಿತ್ತು. ಕಾರ್ಬಮಜೆಪಿನ್. ಕೇಳಿದೆ. “ಇದು ಫಿಟ್ಸ್‌ಗೆ. ಆರು ವರ್ಷದಿಂದ ದಿನಾ ತಗೊಳ್ಳೋದೇ ಅಲ್ವಾ, ಲೆಕ್ಕಕ್ಕೆ ಬರಲ್ಲ ಅಂದ್ಕೊಂಡೆ.”

ಅವರನ್ನು ಮತ್ತೆ ಕೂರಿಸಿದೆ. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆಗಳು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಇವೆಲ್ಲ ಯಕೃತ್ತನ್ನು ಚುರುಕಾಗಿಸಿ ತುರ್ತು ಮಾತ್ರೆಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಹೊತ್ತಿಗೆ ಸರಿಯಾಗಿ ನುಂಗಿದರೂ ಬಲ ಸಾಲದೆ ಹೋಗಬಹುದು. ಲೈಂಗಿಕ ಸಂಪರ್ಕವಾಗಿ 5 ದಿನದವರೆಗೆ ತಗೊಳ್ಳಬಹುದಾದ ಇನ್ನೊಂದು ತುರ್ತು ಮಾತ್ರೆ ಯೂಲಿಪ್ರಿಸ್ಟಾಲ್‌ಗೂ ಇದೇ ತೊಂದರೆ.

ಉಳಿದ ದಾರಿ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ತಾಮ್ರದ ಕಾಪರ್-ಟಿ. ತಾಮ್ರ ವೀರ್ಯಾಣುವಿನ ಮೇಲೇ ಕೆಲಸ ಮಾಡುವುದರಿಂದ ಯಾವ ಮಾತ್ರೆಯೂ ಅದಕ್ಕೆ ಅಡ್ಡಬರುವುದಿಲ್ಲ. ಸಂಪರ್ಕವಾಗಿ 5 ದಿನದೊಳಗೆ ಹಾಕಿಸಿದರೆ ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ಗರ್ಭ ನಿಲ್ಲುವುದಿಲ್ಲ. ಗುರುವಾರ ರಾತ್ರಿಯವರೆಗೆ ಸಮಯವಿತ್ತು. ಯಾವುದೇ ಕಾರಣಕ್ಕೆ ವಂಕಿ ಬೇಡವಾದರೆ ಇಂಥವರಿಗೆ ವೈದ್ಯರು ಲಿವೊನಾರ್ಜೆಸ್ಟ್ರೆಲ್ ಅನ್ನು ಎರಡರಷ್ಟು, 3 ಮಿಲಿಗ್ರಾಂ ಕೊಡುವುದುಂಟು. ಹೆದರಿ ಫಿಟ್ಸ್ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿದೆ. ಅವರ ಕಣ್ಣಲ್ಲಿ ಆ ಯೋಚನೆ ಆಗಲೇ ಬಂದಿತ್ತು.

ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ. ಶನಿವಾರ ರಾತ್ರಿ, ಭಾನುವಾರ ಸಂಜೆ, ಕಾರ್ಬಮಜೆಪಿನ್: ಮೂರನ್ನೂ ದಪ್ಪಕ್ಷರದಲ್ಲಿ. ವೈದ್ಯರು ಬುಧವಾರವೇ ಪರೀಕ್ಷಿಸಿ ವಂಕಿ ಹಾಕಿದರು. ಮುಟ್ಟು ಹಿಂದುಮುಂದಾಗಬಹುದು, ಸಂಪರ್ಕವಾಗಿ 3 ವಾರಕ್ಕೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ, ಕೆಳಹೊಟ್ಟೆ ಜೋರಾಗಿ ನೋವು ಬಂದರೆ ಕಾಯದೆ ಹೋಗಿ ತೋರಿಸಿ ಅಂದಿದ್ದೆ. ಲೈಂಗಿಕ ಸೋಂಕಿನಿಂದ ಮಾತ್ರೆಯಾಗಲಿ ವಂಕಿಯಾಗಲಿ ಕಾಯುವುದಿಲ್ಲ ಎಂಬುದನ್ನೂ ತಿಳಿಸಿದ್ದೆ.

ಆ ದಿನ ನಾನು ಕಲಿತದ್ದೂ ಇದೆ. ಈಗ “ಬೇರೆ ಮಾತ್ರೆ ತಗೊಳ್ತೀರಾ” ಅಂತ ಕೇಳುವುದಿಲ್ಲ. “ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ಬಾಯಿಗೆ ಏನೇನು ಮಾತ್ರೆ ಹೋಗುತ್ತೆ, ಚೀಲದಲ್ಲಿ ಇರೋದನ್ನ ತೋರಿಸಿ” ಅನ್ನುತ್ತೇನೆ.

ಮೂರು ವಾರದ ಮೇಲೆ ಅವರು ಬಂದಾಗ ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ ಇತ್ತು, ಗರ್ಭ ನಿಂತಿರಲಿಲ್ಲ. ಈ ಸಲ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತರು. ಕೂತವರೇ ಚೀಲದಿಂದ ಫಿಟ್ಸ್ ಮಾತ್ರೆಯ ಪಟ್ಟಿಯನ್ನು ತಾವಾಗಿಯೇ ತೆಗೆದು ಮೇಜಿನ ಮೇಲಿಟ್ಟರು.