ಮನೆಸಾಮಾನು ಹಡಗು ಹತ್ತುವ ಮುನ್ನ: ಸುಂಕದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಉದ್ಯೋಗದ ಸಲುವಾಗಿ ಕುಟುಂಬ ಸಮೇತ ಜರ್ಮನಿಗೆ ಹೋಗಿ ನೆಲೆಸುವವರಿದ್ದೇವೆ. ಹನ್ನೊಂದು ವರ್ಷದ ಸಂಸಾರದ ಸಾಮಾನನ್ನೆಲ್ಲ ಹಡಗಿನಲ್ಲಿ ಕಳುಹಿಸಬೇಕೆಂದಿದ್ದೇವೆ. ಅದರಲ್ಲಿ ಎರಡು ತಿಂಗಳ ಹಿಂದೆ ಕೊಂಡ ಸೋಫಾ ಮತ್ತು ಟಿ.ವಿ. ಕೂಡ ಇವೆ. ‘ಎಲ್ಲವನ್ನೂ ಬಳಸಿದ ಸಾಮಾನು ಎಂದೇ ಬರೆಯಿರಿ, ಯಾರೂ ಕೇಳುವುದಿಲ್ಲ’ ಎಂದು ಸಾಗಣೆಯವರು ಹೇಳುತ್ತಿದ್ದಾರೆ. ಹಾಗೆ ಬರೆಯಬಹುದೇ?

ಉತ್ತರ: ಬರೆಯಬೇಡಿ. ಸಹಿ ಹಾಕುವವರು ನೀವು, ಸಾಗಣೆಯವರಲ್ಲ. ಸುಳ್ಳು ಘೋಷಣೆ ಸಿಕ್ಕಿಬಿದ್ದರೆ ಎರಡು ವಸ್ತುಗಳ ಸುಂಕ ಉಳಿಸಲು ಹೋಗಿ ಹನ್ನೊಂದು ವರ್ಷದ ಸಾಮಾನಿನ ವಿನಾಯಿತಿಯನ್ನೇ ಅಪಾಯಕ್ಕೆ ಒಡ್ಡಿದಂತೆ ಆಗುತ್ತದೆ.

ಸುಂಕ ವಿನಾಯಿತಿ ಇರುವುದು ವಸ್ತು ಹಳೆಯದು ಎಂಬ ಕಾರಣಕ್ಕಲ್ಲ. ಒಬ್ಬ ವ್ಯಕ್ತಿ ತನ್ನ ಬದುಕನ್ನೇ ಒಂದು ದೇಶದಿಂದ ಇನ್ನೊಂದಕ್ಕೆ ಸ್ಥಳಾಂತರಿಸುತ್ತಿದ್ದಾನೆ, ಈ ಸಾಮಾನು ಆ ಬದುಕಿನ ಭಾಗ ಎಂಬುದಕ್ಕಾಗಿ. ಆದ್ದರಿಂದ ಅಧಿಕಾರಿ ನೋಡುವುದು ಬೆಲೆಗಿಂತ ಹೆಚ್ಚಾಗಿ ದಿನಾಂಕಗಳನ್ನು. ಯುರೋಪಿಯನ್ ಒಕ್ಕೂಟದ 2009ರ 1186ನೇ ನಿಯಮಾವಳಿಯ ಪ್ರಕಾರ ನೀವು ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ಸತತವಾಗಿ ವಾಸವಿದ್ದಿರಬೇಕು. ಸಾಮಾನು ಕನಿಷ್ಠ 6 ತಿಂಗಳು ನಿಮ್ಮ ಸ್ವಾಧೀನದಲ್ಲಿದ್ದು, ಹಳೆಯ ಮನೆಯಲ್ಲಿ ಬಳಕೆಯಾಗಿರಬೇಕು. ಅಲ್ಲಿ ನೆಲೆಸಿದ 12 ತಿಂಗಳೊಳಗೆ ಅದು ಬಂದು ಸೇರಬೇಕು.

‘ಹಾಗಾದರೆ ಸೋಫಾವನ್ನು ನೆಂಟರ ಮನೆಯಲ್ಲಿ ನಾಲ್ಕು ತಿಂಗಳು ಇಟ್ಟು ಆಮೇಲೆ ತರಿಸುತ್ತೇವೆ’ ಎಂದು ನಿಮಗೆ ತೋಚಬಹುದು. ಅದು ನಡೆಯುವುದಿಲ್ಲ. ಆರು ತಿಂಗಳ ಲೆಕ್ಕ ನಿಲ್ಲುವುದು ನೀವು ಹಳೆಯ ವಾಸವನ್ನು ಬಿಟ್ಟ ದಿನಕ್ಕೆ. ಹಡಗು ಹೊರಟ ದಿನಕ್ಕಾಗಲಿ, ತಲುಪಿದ ದಿನಕ್ಕಾಗಲಿ ಅಲ್ಲ. ಹಾಗಾಗಿ ಉಳಿದಿರುವ ದಾರಿಗಳು ಎರಡು: ಅವನ್ನು ಇಲ್ಲಿಯೇ ಯಾರಿಗಾದರೂ ಕೊಟ್ಟುಬಿಡಿ. ಇಲ್ಲವೇ ಪಟ್ಟಿಯಲ್ಲಿ ‘ಹೊಸದು’ ಎಂದು ಬೇರೆಯಾಗಿ ತೋರಿಸಿ, ಬಿಲ್ ಲಗತ್ತಿಸಿ, ಆ ಎರಡಕ್ಕೆ ಮಾತ್ರ ಸುಂಕ ಮತ್ತು ಆಮದಿನ ಮೇಲಿನ ವ್ಯಾಟ್ ಕಟ್ಟಿ. ನನ್ನನ್ನು ಕೇಳಿದರೆ ಸೋಫಾ ಬಿಟ್ಟುಹೋಗುವುದೇ ಲೇಸು. ಅದು ಕಂಟೇನರಿನಲ್ಲಿ ಹಿಡಿಯುವ ಜಾಗಕ್ಕೂ ಹಣ ತೆರಬೇಕು.

ಮದ್ಯ ಮತ್ತು ತಂಬಾಕು ಈ ವಿನಾಯಿತಿಗೆ ಸೇರುವುದೇ ಇಲ್ಲ. ವಿನಾಯಿತಿ ಪಡೆದ ಸಾಮಾನನ್ನು ಮೊದಲ 12 ತಿಂಗಳು ಕಸ್ಟಮ್ಸ್‌ಗೆ ಮುಂಚಿತವಾಗಿ ತಿಳಿಸದೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಹೊಸ ಮನೆಗೆ ಹಳೆಯ ಮೇಜು ಹೊಂದದಿದ್ದರೆ ಕೂಡಲೇ ಮಾರಾಟದ ಜಾಹೀರಾತು ಹಾಕುವ ಅಭ್ಯಾಸ ಬಹಳ ಜನರಿಗಿದೆ. ದಯವಿಟ್ಟು ಒಂದು ವರ್ಷ ತಡೆಯಿರಿ.

ಇನ್ನು ಪಟ್ಟಿಯ ಮಾತು. ನನ್ನ ಅನುಭವದಲ್ಲಿ ಸಾಮಾನು ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳುವ ಪ್ರಕರಣಗಳಲ್ಲಿ ಹೆಚ್ಚಿನವು ಕಾನೂನಿನಿಂದಲ್ಲ, ಕೆಟ್ಟ ಪಟ್ಟಿಯಿಂದ ಹುಟ್ಟಿದವು. ಪ್ಯಾಕ್ ಮಾಡಲು ಬಂದವರು ಅವಸರದಲ್ಲಿ ಪೆಟ್ಟಿಗೆಯ ಮೇಲೆ ‘ಇತರೆ’ ಎಂದು ಬರೆದು ಮುಂದೆ ಹೋಗುತ್ತಾರೆ. ನಾನು ನೋಡಿದ ಒಂದು ಕಡತದಲ್ಲಿ ಅಂಥ ಒಂಬತ್ತು ಪೆಟ್ಟಿಗೆಗಳಿದ್ದವು. ಅಧಿಕಾರಿಗಳು ಇಡೀ ಕಂಟೇನರನ್ನು ಬಿಚ್ಚಿಸಿದರು. ಒಳಗೆ ಇದ್ದದ್ದು ಮಕ್ಕಳ ಪುಸ್ತಕ, ಹೊದಿಕೆ, ಆಟಿಕೆ, ಅಷ್ಟೇ. ತಪಾಸಣೆಯ ಶುಲ್ಕ, ಬಂದರಿನಲ್ಲಿ ದಿನಗಟ್ಟಲೆ ಉಳಿದದ್ದಕ್ಕೆ ಡೆಮರೇಜ್, ಎರಡನ್ನೂ ಆ ಕುಟುಂಬವೇ ಭರಿಸಬೇಕಾಯಿತು. ಮಕ್ಕಳು ಬರಿಯ ಮನೆಯಲ್ಲಿ ನೆಲದ ಮೇಲೆ ಮಲಗಿ ವಾರಗಳನ್ನು ಕಳೆದರು. ಈಗಲೂ ನೆನೆದರೆ ಬೇಸರವಾಗುತ್ತದೆ, ಏಕೆಂದರೆ ಅರ್ಧ ದಿನದ ಕೆಲಸದಿಂದ ಅದನ್ನು ತಪ್ಪಿಸಬಹುದಿತ್ತು.

ಪ್ರತಿ ಪೆಟ್ಟಿಗೆಗೆ ಒಂದು ಸಂಖ್ಯೆ ಕೊಡಿ. ಒಳಗೇನಿದೆ ಎಂಬುದನ್ನು ಮನೆಗೆ ಬಂದ ಅಪರಿಚಿತನಿಗೂ ತಿಳಿಯುವಂತೆ ಬರೆಯಿರಿ: ‘ಅಡುಗೆಮನೆ’ ಎಂದಲ್ಲ, ‘ಸ್ಟೀಲ್ ಪಾತ್ರೆ 14, ಗಾಜಿನ ಲೋಟ 12’ ಎಂದು. ವಿದ್ಯುತ್ ಉಪಕರಣಗಳಿಗೆ ಕಂಪನಿ, ಮಾದರಿ, ಕ್ರಮಸಂಖ್ಯೆ ಮತ್ತು ಕೊಂಡ ವರ್ಷ ಇರಲಿ. ಮೌಲ್ಯ ಬರೆಯುವಾಗ ಕೊಂಡ ಬೆಲೆಯನ್ನಲ್ಲ, ಈಗಿನ ಸ್ಥಿತಿಯಲ್ಲಿ ಅದಕ್ಕೆ ಬರುವ ಬೆಲೆಯನ್ನು ಹಾಕಿ, ಆದರೆ ಎಲ್ಲಕ್ಕೂ ಸೊನ್ನೆ ಬರೆಯಬೇಡಿ. ಪಟ್ಟಿಯ ಒಂದು ಪ್ರತಿ ನಿಮ್ಮ ಕೈಚೀಲದಲ್ಲೇ ಇರಬೇಕು. ಮೂಲ ಬಿಲ್ಲುಗಳನ್ನು ಕಂಟೇನರಿನೊಳಗಿನ ಫೈಲಿನಲ್ಲಿ ಇಟ್ಟು ಕಳುಹಿಸಿಬಿಟ್ಟು, ಆಮೇಲೆ ಅವೇ ಬೇಕೆಂದು ಪರದಾಡಿದವರನ್ನು ಕಂಡಿದ್ದೇನೆ.

ಪ್ರಶ್ನೆ: ತಮ್ಮ ಅಮೆರಿಕಕ್ಕೆ ಹೋಗುತ್ತಿದ್ದಾನೆ, ಗೆಳತಿಯೊಬ್ಬಳು ಕೆನಡಾಕ್ಕೆ. ನಿಯಮ ಎಲ್ಲ ಕಡೆಯೂ ಒಂದೇ ತಾನೆ?

ಉತ್ತರ: ತತ್ವ ಒಂದೇ, ಅಳತೆಗೋಲು ಬೇರೆ. ಅಮೆರಿಕದಲ್ಲಿ ಪೀಠೋಪಕರಣ, ಪಾತ್ರೆ, ಪುಸ್ತಕದಂಥ ಗೃಹಬಳಕೆಯ ಸಾಮಾನನ್ನು ಹೊರದೇಶದಲ್ಲಿ ಕನಿಷ್ಠ ಒಂದು ವರ್ಷ ಬಳಸಿದ್ದರೆ ಸುಂಕವಿಲ್ಲ. ಹಡಗಿನಲ್ಲಿ ಬೇರೆಯಾಗಿ ಬರುವ ಸಾಮಾನಿಗೆ 3299 ಸಂಖ್ಯೆಯ ನಮೂನೆ ತುಂಬಬೇಕು. ವಾಹನ ಗೃಹಬಳಕೆಯ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿಗೆ ಹೋಗುವವರು ಸಾಮಾನು ತಲುಪುವ ಮೊದಲೇ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ವಿನಾಯಿತಿಯ ಅನುಮತಿ ಪಡೆಯಬೇಕು.

ನಿಮ್ಮ ಗೆಳತಿಗೆ ಮಾತ್ರ ಇದನ್ನು ಇಂದೇ ಹೇಳಿ. ಕೆನಡಾದಲ್ಲಿ ಕಾಲಿಟ್ಟ ಮೊದಲ ದಿನವೇ, ಕೈಯಲ್ಲಿ ಒಂದೇ ಸೂಟ್‌ಕೇಸ್ ಇದ್ದರೂ, ಮುಂದೆ ಬರಲಿರುವ ಸಾಮಾನಿನ ಪಟ್ಟಿಯನ್ನು ವಿಮಾನ ನಿಲ್ದಾಣದ ಗಡಿ ಅಧಿಕಾರಿಗೆ ಕೊಟ್ಟು ದೃಢೀಕರಿಸಿಕೊಳ್ಳಬೇಕು. ದಣಿದು ಬಂದ ಪ್ರಯಾಣಿಕರು ಇದನ್ನು ಮರೆತು ನೇರ ಹೊರನಡೆಯುತ್ತಾರೆ. ಆಮೇಲೆ ಬರುವ ಪೆಟ್ಟಿಗೆಗಳು ಅವರದ್ದೇ ಹಳೆಯ ಸಾಮಾನು ಎಂದು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಪ್ರಶ್ನೆ: ಅಜ್ಜಿಯಿಂದ ಬಂದ ದಂತದ ಪೆಟ್ಟಿಗೆಯೊಂದಿದೆ. ಮನೆಯದ್ದೇ ಆದ್ದರಿಂದ ತೊಂದರೆ ಇಲ್ಲವಲ್ಲ? ಮರದ ಕ್ರೇಟಿನಲ್ಲಿ ಭದ್ರವಾಗಿ ಹಾಕಿಸುತ್ತೇವೆ.

ಉತ್ತರ: ತೊಂದರೆ ಇದೆ. ಸುಂಕ ಇಲ್ಲ ಎಂದ ಮಾತ್ರಕ್ಕೆ ನಿಷೇಧ ಇಲ್ಲ ಎಂದಲ್ಲ. ದಂತ, ಆಮೆಯ ಚಿಪ್ಪು, ಹವಳ, ಕೆಲವು ಜಾತಿಯ ಬೀಟೆ ಮರ ಇವೆಲ್ಲ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ, ವ್ಯಾಪ್ತಿಗೆ ಸೇರಿವೆ. ಅನುಮತಿ ಪತ್ರವಿಲ್ಲದೆ ಕಳುಹಿಸಿದರೆ ಮುಟ್ಟುಗೋಲಾಗಬಹುದು. ಅಜ್ಜಿಯ ನೆನಪು ಎಂಬ ಮಾತು ಅಲ್ಲಿ ಕೆಲಸಕ್ಕೆ ಬಾರದು. ಸಹೋದರ ಸಹೋದರಿಯರ ಬಳಿ ಬಿಟ್ಟುಹೋಗಿ ಎಂಬುದೇ ನನ್ನ ಸಲಹೆ.

ಕ್ರೇಟಿನ ಮರಕ್ಕೂ ನಿಯಮವಿದೆ. ಕೀಟ ಹರಡದಂತೆ ಮರದ ಪ್ಯಾಕಿಂಗ್ ಅನ್ನು ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕನಿಷ್ಠ 30 ನಿಮಿಷ ಕಾಯಿಸಿರಬೇಕು, ಅಥವಾ ಒಪ್ಪಿತ ಬೇರೆ ವಿಧಾನದಿಂದ ಸಂಸ್ಕರಿಸಿರಬೇಕು. ಅದಕ್ಕೆ ಸಾಕ್ಷಿಯಾಗಿ ಗೋಧಿ ತೆನೆಯ ಚಿಹ್ನೆಯಿರುವ ಮುದ್ರೆ ಮರದ ಮೇಲೆಯೇ ಒತ್ತಿರುತ್ತದೆ. ಪ್ಲೈವುಡ್ಡಿಗೆ ಇದು ಬೇಡ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೋಗುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು: ಸೈಕಲ್ ಚಕ್ರ, ಬೂಟಿನ ಅಡಿ, ತೋಟದ ಸಲಕರಣೆ, ವ್ಯಾಕ್ಯೂಮ್ ಕ್ಲೀನರಿನ ಚೀಲ ಇವುಗಳಲ್ಲಿ ಮಣ್ಣು, ಬೀಜದ ಕಣ ಉಳಿಯದಂತೆ ತೊಳೆದು ಒಣಗಿಸಿ ಹಾಕಿ. ಅಲ್ಲಿ ಮತ್ತೆ ಸ್ವಚ್ಛಗೊಳಿಸುವ ಖರ್ಚು ನಿಮ್ಮದೇ.

ಪ್ರಶ್ನೆ: ಸಾಮಾನನ್ನು ಮೊದಲೇ ಕಳುಹಿಸಿ, ಆಮೇಲೆ ನಾವು ಹೋದರೆ ಆಗುವುದಿಲ್ಲವೇ?

ಉತ್ತರ: ಸಾಧ್ಯವಾದಷ್ಟು ಬೇಡ. ವಿನಾಯಿತಿ ಕೇಳಲು ವೀಸಾ, ವಿಳಾಸ, ಬಂದಿಳಿದ ದಿನಾಂಕ ಬೇಕಾಗುತ್ತವೆ. ಯುರೋಪಿನಲ್ಲಿ ಮುಂಚೆ ತರಲು ಅವಕಾಶವಿದೆಯಾದರೂ 6 ತಿಂಗಳೊಳಗೆ ಬಂದು ನೆಲೆಸುವುದಾಗಿ ಮುಚ್ಚಳಿಕೆ ಬರೆದುಕೊಟ್ಟು ಭದ್ರತೆ ಒದಗಿಸಬೇಕು. ಹಡಗಿಗೆ ಹಿಡಿಯುವ ವಾರಗಳನ್ನು ಎಣಿಸಿ, ನೀವು ಇಳಿದ ಮೇಲೆಯೇ ಅದು ಬಂದರು ಮುಟ್ಟುವಂತೆ ದಿನ ಗೊತ್ತುಮಾಡಿ. ಆ ನಡುವಿನ ದಿನಗಳಿಗೆ ಬೇಕಾದ ಹಾಸಿಗೆ, ಬಟ್ಟೆ, ಔಷಧಿ ವಿಮಾನದಲ್ಲಿ ನಿಮ್ಮ ಜೊತೆಗೇ ಬರಲಿ.