ಯೂರಿಕ್ ಆಸಿಡ್ 8.4, ವಯಸ್ಸು 32: ಜೇನು ಬಿಡಬೇಕೇ ಎಂದು ಕೇಳಿದವರಿಗೆ

ನಮ್ಮ ಜೇನು ಸಾಕುವವರ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಊರಿನ ಆರೋಗ್ಯ ಶಿಬಿರದಲ್ಲಿ ಯೂರಿಕ್ ಆಸಿಡ್ 8.4 ಬಂದಿದೆ, ನೋವು ಬಾವು ಏನೂ ಇಲ್ಲ, ಆದರೆ ಇದು ಹೃದಯಾಘಾತದ ಮುನ್ಸೂಚನೆ ಎಂದು ಯಾರೋ ಹೆದರಿಸಿದ್ದಾರೆ. ತೊಗರಿಬೇಳೆ ಬಿಟ್ಟಾಯಿತು, ಜೇನನ್ನೂ ಬಿಡಬೇಕೇ ಎಂದು ಕೇಳಿದ್ದೀರಿ. ಅದರ ಕೆಳಗೆ ಮೂರು ಜನ ಯೂರಿಕ್ ಆಸಿಡ್ ಇಳಿಸುವ ಮಾತ್ರೆಗಳ ಹೆಸರು ಬರೆದಿದ್ದಾರೆ. ಮೊದಲ ಮಾತು ಇದು: ಆ ಮಾತ್ರೆಗಳನ್ನು ನೀವಾಗಿಯೇ ಮೆಡಿಕಲ್ ಅಂಗಡಿಯಿಂದ ತರಬೇಡಿ. ನಾನು ವೈದ್ಯನಲ್ಲ. ಹನ್ನೊಂದು ವರ್ಷಗಳಿಂದ ಇದೇ ತೊಂದರೆಯ ಜೊತೆ ಬಾಳುತ್ತಿರುವವನು. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ನನಗಾಗ 36. ಏಪ್ರಿಲ್ ತಿಂಗಳು, ಬೆಳಗಿನಿಂದ ಸಂಜೆಯವರೆಗೆ ಪೆಟ್ಟಿಗೆಗಳಿಂದ ಜೇನು ತೆಗೆದಿದ್ದೆ. ರಾತ್ರಿ ಎರಡು ಗಂಟೆಗೆ ಕಾಲಿನ ಹೆಬ್ಬೆರಳ ಬುಡ ಕೆಂಡ ಇಟ್ಟಂತೆ ಉರಿಯತೊಡಗಿತು. ಹುಳ ಕಚ್ಚಿರಬೇಕು ಎಂದುಕೊಂಡು ಟಾರ್ಚ್ ಹಿಡಿದು ಮುಳ್ಳು ಹುಡುಕಿದೆ, ಸುಣ್ಣ ಹಚ್ಚಿದೆ. ಮುಳ್ಳು ಇರಲಿಲ್ಲ. ಹೊದಿಕೆಯ ಅಂಚು ತಾಗಿದರೂ ಜೀವ ಹೋದಂತಾಗುತ್ತಿತ್ತು. ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಬೆರಳನ್ನು ಅರ್ಧ ನಿಮಿಷ ನೋಡಿ ಗೌಟ್, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಬಾವು ಎಂದರು, ಆಮೇಲೆ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. 158/102. ನೋವಿಗೂ ಏರಿರಬಹುದು ಎಂದು ಬೆರಳು ವಾಸಿಯಾದ ಮೇಲೆ ಎರಡು ಸಲ ಬರಹೇಳಿ ನೋಡಿದರು. ಇಳಿದಿರಲಿಲ್ಲ. "ಬೆರಳಿನದು ಮುಗಿಯಿತು, ನನ್ನ ಚಿಂತೆ ಇದರದ್ದು" ಎಂದರು. ಎಷ್ಟು ವರ್ಷಗಳಿಂದ ಆ ಬಿ.ಪಿ. ಹಾಗೆ ಇತ್ತೋ, ನನಗೆ ಸುಳಿವೇ ಇರಲಿಲ್ಲ.

ನಿಮಗೂ ನಾನು ಹೇಳಬೇಕಾದದ್ದು ಇದೇ. ಯೂರಿಕ್ ಆಸಿಡ್ ಹೆಚ್ಚಾಗಿದೆ ಎಂದು ತಿಳಿದಾಗ ನೋಡಬೇಕಾದದ್ದು ಬೇಳೆಯ ಡಬ್ಬಿಯನ್ನಲ್ಲ, ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡ, ಸೊಂಟದ ಸುತ್ತಳತೆ ಇವುಗಳನ್ನು.

ಯೂರಿಕ್ ಆಸಿಡ್ ಎಂದರೆ ದೇಹ ಹೊರಹಾಕಬೇಕಾದ ಒಂದು ಕಸ. ಗಂಡಸರಿಗೆ ರಕ್ತದ ಡೆಸಿಲೀಟರ್‌ಗೆ ಸಾಮಾನ್ಯವಾಗಿ 7 ಮಿಲಿಗ್ರಾಂವರೆಗೆ ಸರಿ ಎನ್ನುತ್ತಾರೆ. ಸುಮಾರು 6.8 ದಾಟಿದರೆ ಅದು ರಕ್ತದಲ್ಲಿ ಪೂರ್ತಿ ಕರಗಿರಲಾರದೆ ಹರಳುಗಟ್ಟಬಹುದು. ಹಾಗೆಂದು ದಾಟಿದವರಿಗೆಲ್ಲ ಗೌಟ್ ಬರುವುದಿಲ್ಲ. ಯೂರಿಕ್ ಆಸಿಡ್‌ನ ಹೆಚ್ಚಿನ ಪಾಲು ಹುಟ್ಟುವುದು ನಮ್ಮದೇ ಜೀವಕೋಶಗಳು ಸವೆದು ಹೊಸದಾಗುವಾಗ, ಊಟದಿಂದ ಬರುವುದು ಕಡಿಮೆ. ಹೊರಹಾಕುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಮೂತ್ರಪಿಂಡದ್ದು. ಬೊಜ್ಜು ಬಂದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯಕ್ಕೆ ಕೇಡು ಮಾಡುವ ಸಂಗತಿಗಳ ಜೊತೆಯಲ್ಲೇ ಇದೂ ಕಾಣಿಸಿಕೊಳ್ಳುವುದು ಅದಕ್ಕೇ.

ಹಾಗಾದರೆ ಇದೇ ಹೃದಯವನ್ನು ಕೆಡಿಸುತ್ತದೆಯೇ? ಅಮೆರಿಕದಲ್ಲಿ ಹೃದ್ರೋಗದ ಬಗ್ಗೆ ದಶಕಗಳಿಂದ ನಡೆದಿರುವ ಫ್ರೇಮಿಂಗ್‌ಹ್ಯಾಮ್ ಅಧ್ಯಯನದವರು 1999ರಲ್ಲಿ ಹೇಳಿದ್ದು, ಬಿ.ಪಿ. ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯೂರಿಕ್ ಆಸಿಡ್ ತಾನಾಗಿಯೇ ಕಾರಣ ಎನ್ನಲು ಆಧಾರ ಸಿಗದು ಎಂದು. ಚಿಕ್ಕ ವಯಸ್ಸಿನವರ ಮಾತು ಸ್ವಲ್ಪ ಬೇರೆ. 1985-86ರಲ್ಲಿ 18ರಿಂದ 30 ವರ್ಷದವರನ್ನು ಸೇರಿಸಿಕೊಂಡು ಅಮೆರಿಕದಲ್ಲೇ ಶುರುವಾದ ಕಾರ್ಡಿಯಾ ಅಧ್ಯಯನದಲ್ಲಿ, ಯೂರಿಕ್ ಆಸಿಡ್ ಹೆಚ್ಚಿದ್ದವರಿಗೆ ಮುಂದಿನ ವರ್ಷಗಳಲ್ಲಿ ರಕ್ತದೊತ್ತಡ ಬರುವುದು ಹೆಚ್ಚಿತ್ತು. 2008ರಲ್ಲಿ ಹೊಸದಾಗಿ ರಕ್ತದೊತ್ತಡ ಕಂಡ 30 ಹದಿಹರೆಯದವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೊಪುರಿನಾಲ್ ಮಾತ್ರೆ ಕೊಟ್ಟು ನೋಡಿದಾಗ ಒತ್ತಡ ಇಳಿಯಿತು. ಮೂವತ್ತೇ ಜನ, ಅದೂ ಕೆಲವೇ ವಾರ. ಆದರೂ ನಿಮ್ಮ ವಯಸ್ಸಿನಲ್ಲಿ ಇದನ್ನು ಕಡೆಗಣಿಸಬಾರದು ಎಂದು ನಾನು ಹೇಳುವುದು ಇದರಿಂದಲೇ.

ಕಡೆಗಣಿಸಬಾರದು ಎಂದರೆ ಮಾತ್ರೆ ನುಂಗಬೇಕು ಎಂದಲ್ಲ. ಬ್ರಿಟನ್ನಿನಲ್ಲಿ 60 ದಾಟಿದ, ಹೃದ್ರೋಗವಿದ್ದ 5,700ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಅಲೊಪುರಿನಾಲ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಮಾತ್ರೆ ಕೆಲವರಿಗೆ ಮೈಮೇಲೆ ಗುಳ್ಳೆ ಎಬ್ಬಿಸಿ ಪ್ರಾಣಕ್ಕೇ ಬರುವುದೂ ಉಂಟು. ಆ ಮೂವರಲ್ಲಿ ಒಬ್ಬರು ಫೆಬುಕ್ಸೊಸ್ಟಾಟ್ ಎಂಬ, ಅದೇ ಕೆಲಸದ ಇನ್ನೊಂದು ಮಾತ್ರೆಯ ಹೆಸರು ಬರೆದಿದ್ದಾರೆ. ಅದರ ಮೇಲೆ ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಹೃದಯ ಸಂಬಂಧಿ ಸಾವಿನ ಎಚ್ಚರಿಕೆಯನ್ನೇ ಹಾಕಿಸಿದರು. ಹೃದಯ ಉಳಿಸಿಕೊಳ್ಳಲು ಹೊರಟವರು ಅಂಥದ್ದನ್ನು ಗುಂಪಿನ ಮಾತು ಕೇಳಿ ನುಂಗುವುದೇ? ಗೌಟ್ ಇದ್ದವರಿಗೆ, ಕೆಲವು ಬಗೆಯ ಮೂತ್ರಪಿಂಡದ ಕಲ್ಲಿನವರಿಗೆ ಈ ಮಾತ್ರೆಗಳು ದೊಡ್ಡ ಆಸರೆ. ನಾನೂ ವೈದ್ಯರು ಬರೆದುಕೊಟ್ಟ ಅಲೊಪುರಿನಾಲ್ ತೆಗೆದುಕೊಳ್ಳುತ್ತೇನೆ. ನೋವೇ ಇಲ್ಲದ ನಿಮ್ಮಂಥವರಿಗೆ ಸಂಖ್ಯೆ ಇಳಿಸಲೆಂದೇ ಸಾಮಾನ್ಯವಾಗಿ ಕೊಡುವುದಿಲ್ಲ.

ಇನ್ನು ಜೇನು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಜೇನು ಸಾಕುವವರೇ ಇದನ್ನು ಮುಚ್ಚಿಡಬಾರದು. ಜೇನಿನಲ್ಲಿ 100 ಗ್ರಾಂಗೆ ಸುಮಾರು 38 ಗ್ರಾಂ ಫ್ರಕ್ಟೋಸ್ ಎಂಬ ಸಕ್ಕರೆ ಇದೆ. ಯಕೃತ್ತು ಫ್ರಕ್ಟೋಸನ್ನು ಅರಗಿಸುವ ಭರದಲ್ಲಿ ಜೀವಕೋಶದ ಶಕ್ತಿಯ ದಾಸ್ತಾನು ಖರ್ಚಾಗಿ, ಅದರ ಚೂರುಗಳು ಯೂರಿಕ್ ಆಸಿಡ್ ಆಗಿ ಹೊರಬೀಳುತ್ತವೆ. ತುಡುವೆಯದಾದರೂ ಕೋಲುಜೇನಾದರೂ ಇದರಲ್ಲಿ ಭೇದವಿಲ್ಲ. ಒಂದು ಟೀ ಚಮಚ ಅಂದರೆ ಮೂರು ಗ್ರಾಂಗೂ ಕಡಿಮೆ ಫ್ರಕ್ಟೋಸ್, ಅದಕ್ಕೆ ಹೆದರಬೇಕಿಲ್ಲ. ಆದರೆ ಜೇನು ತೆಗೆಯುವ ದಿನ ನಾವು ಚಮಚದಲ್ಲಿ ತಿನ್ನುತ್ತೇವೆಯೇ? ಎರಿಯ ಮುಚ್ಚಳ ಕೊಯ್ದ ಹಾಗೆಲ್ಲ ಮೇಣದ ಸಮೇತ ಬಾಯಿಗೆ ಹೋಗುತ್ತದೆ, ಮಧ್ಯಾಹ್ನಕ್ಕೆ ಒಂದು ಲೋಟ ಮುಗಿದಿರುತ್ತದೆ, ಮುಖದ ಬಲೆ ತೆಗೆಯುವ ಬೇಸರಕ್ಕೆ ನೀರು ಕುಡಿದಿರುವುದಿಲ್ಲ. ಮೈ ಬೆವರಿ ಒಣಗಿದಾಗಲೂ ಯೂರಿಕ್ ಆಸಿಡ್ ಏರುತ್ತದೆ. ಶಿಬಿರದ ಹಿಂದಿನ ದಿನ ಹತ್ತು ಪೆಟ್ಟಿಗೆಯ ಜೇನು ತೆಗೆದೆ ಎಂದು ನೀವೇ ಬರೆದಿದ್ದೀರಿ. ಆ 8.4ರಲ್ಲಿ ಅದರ ಪಾಲೂ ಇರಬಹುದು.

ಆದ್ದರಿಂದ ಎರಡು ಮೂರು ವಾರ ಬಿಟ್ಟು, ಜ್ವರ, ಉಪವಾಸ, ವಿಪರೀತ ದುಡಿಮೆ ಇಲ್ಲದ ದಿನ ನೋಡಿ ಮತ್ತೊಮ್ಮೆ ರಕ್ತ ಕೊಡಿ. ಜೊತೆಗೆ ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್ ಮಾಡಿಸಿ. ಸೊಂಟದ ಸುತ್ತಳತೆ ಮನೆಯಲ್ಲೇ ನೋಡಬಹುದು. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ತಂಪು ಪಾನೀಯದ ಬಾಟಲಿ ಬಿಡಿ, 300 ಮಿಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅದರ ಅರ್ಧ ಫ್ರಕ್ಟೋಸೇ. ಬಿಯರ್ ಕುಡಿಯುವವರಾದರೆ ಅದು ಮೊದಲು ಹೋಗಬೇಕು. ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುವವರಾದರೆ ಅದೂ. ಅದನ್ನು ಹೇಳುವುದು ಯೂರಿಕ್ ಆಸಿಡ್‌ಗಾಗಿ ಅಲ್ಲ, ಹೃದಯಕ್ಕಾಗಿ.

ಬೇಳೆಯನ್ನು ಮಾತ್ರ ಇಂದೇ ಮರಳಿ ಶುರು ಮಾಡಿ. ಅಮೆರಿಕದಲ್ಲಿ ಸುಮಾರು 47,000 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ವಸ್ತು) ಹೆಚ್ಚಿರುವ ಕಾಳು, ಸೊಪ್ಪುಗಳಿಂದ ಗೌಟ್ ಹೆಚ್ಚಲಿಲ್ಲ. ಮಾಂಸ, ಮೀನುಗಳಿಂದ ಹೆಚ್ಚಿತು; ಹಾಲು ಮೊಸರು ತಿನ್ನುವವರಲ್ಲಿ ಕಡಿಮೆಯಿತ್ತು. ಬೂತಾಯಿ, ಒಣಮೀನು, ಕುರಿಯ ಪಿತ್ತಜನಕಾಂಗ ವಾರವಿಡೀ ತಿನ್ನುವವರು ಕಡಿಮೆ ಮಾಡಬೇಕು. ತೋಟಕ್ಕೆ ಹೋಗುವಾಗ ಒಂದು ಕ್ಯಾನ್ ನೀರು ಮಜ್ಜಿಗೆ ಇರಲಿ.

ಬಾಳೆದಿಂಡಿನ ರಸ ಕುಡಿಯಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಸಕ್ಕರೆ ಬೆಲ್ಲ ಹಾಕದೆ ಕುಡಿದರೆ ಅಡ್ಡಿಯಿಲ್ಲ. ಅದಕ್ಕಿಂತ ಮೊದಲು ನಾಳೆಯೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕುಳಿತು, ಎರಡು ಸಲ ಬಿ.ಪಿ. ನೋಡಿಸಿಕೊಳ್ಳಿ. ಎರಡನ್ನೂ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.