ಬ್ರೋಕರ್ ಕಳಿಸಿದ ಪಟ್ಟಿಯಲ್ಲಿ ಹೆಂಡತಿ, ಮಗು ಇರಲಿಲ್ಲ: ಜರ್ಮನಿಗೆ ಹೊರಟವರ ಆರೋಗ್ಯ ವಿಮೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದೆ. ಜರ್ಮನಿಯ ಮಿತಿ, ದರಗಳೆಲ್ಲ 2026ರವು.)

ಮಂಜುನಾಥ, 34 ವರ್ಷ. ಬೆಂಗಳೂರಿನಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ. ಸ್ಟುಟ್‌ಗಾರ್ಟ್ ಬಳಿಯ ವಾಹನ ಬಿಡಿಭಾಗಗಳ ಕಂಪನಿಯೊಂದಕ್ಕೆ ಏಪ್ರಿಲ್ 1ರಂದು ಸೇರಬೇಕು. ಹೆಂಡತಿ ಸವಿತಾಗೆ 31, ಥೈರಾಯ್ಡ್‌ಗೆ ದಿನಾ 50 ಮೈಕ್ರೋಗ್ರಾಂ ಮಾತ್ರೆ ನುಂಗುತ್ತಾರೆ. ಮಗಳಿಗೆ ಮೂರು ವರ್ಷ. ತಾಯಿ ಮಗಳು ಜೂನ್‌ನಲ್ಲಿ ಹೋಗುವವರು. ಎರಡನೇ ಮಗುವಿನ ಯೋಚನೆಯೂ ಇದೆ. ತಂದೆ ತಾಯಿ ಹುಬ್ಬಳ್ಳಿಯಲ್ಲಿ. ತಂದೆಗೆ 66, ಬಿಪಿ, ಶುಗರ್ ಎರಡೂ ಇವೆ.

ಮಂಜುನಾಥ ತಂದ ಪ್ರಶ್ನೆ ಚಿಕ್ಕದು. "ಅಲ್ಲಿ ಪಬ್ಲಿಕ್, ಪ್ರೈವೇಟ್ ಅಂತ ಎರಡು ಥರ ಇನ್ಶೂರೆನ್ಸ್ ಇದೆಯಂತೆ ಮೇಡಂ. ಬ್ರೋಕರ್ ಪ್ರೈವೇಟ್ ತಗೊಳ್ಳಿ, ತಿಂಗಳಿಗೆ 278 ಯೂರೋ ಉಳಿಯುತ್ತೆ ಅಂತಿದಾನೆ. ಈ ವಾರ ಸಹಿ ಹಾಕಿದ್ರೆ ಒಳ್ಳೇದಂತೆ."

ಈ ವಾರ ಸಹಿ ಹಾಕಬೇಡಿ ಎಂಬುದೇ ಮೊದಲ ಸಲಹೆ.

ಆಯ್ಕೆ ಇದೆಯೇ ಎಂಬುದನ್ನು ಮೊದಲು ನೋಡಿ

ಜರ್ಮನಿಯಲ್ಲಿ ನೌಕರಿ ಮಾಡುವ ಎಲ್ಲರಿಗೂ ಪ್ರೈವೇಟ್ ವಿಮೆಯ ಆಯ್ಕೆ ಇಲ್ಲ. ವರ್ಷದ ಖಾತ್ರಿ ಸಂಬಳ 77,400 ಯೂರೋ ಮೀರಿದವರಿಗೆ ಮಾತ್ರ ಅದು ಉಂಟು. ಅದಕ್ಕಿಂತ ಕಡಿಮೆ ಇದ್ದರೆ ಪಬ್ಲಿಕ್ ಕಡ್ಡಾಯ, ಚರ್ಚೆಯೇ ಬೇಡ. 'ಖಾತ್ರಿ' ಅಂದರೆ ಒಪ್ಪಂದದಲ್ಲಿ ಕೊಟ್ಟೇ ಕೊಡುತ್ತೇವೆ ಎಂದು ಬರೆದ ಹಣ. ಕೆಲಸ ನೋಡಿ ಕೊಡುವ ಬೋನಸ್, ಓವರ್‌ಟೈಮ್ ಇದರಲ್ಲಿ ಸೇರುವುದಿಲ್ಲ. ನಮ್ಮ ಸಿಟಿಸಿ ಲೆಕ್ಕದ ಅಭ್ಯಾಸದವರು ಎಡವುವುದು ಇಲ್ಲೇ: ಎಲ್ಲವನ್ನೂ ಕೂಡಿಸಿ ಮಿತಿ ದಾಟಿದೆವು ಅಂದುಕೊಳ್ಳುತ್ತಾರೆ.

ಮಂಜುನಾಥರ ಪತ್ರದಲ್ಲಿ ತಿಂಗಳಿಗೆ 6,000 ಯೂರೋ, ಜೊತೆಗೆ ಖಾತ್ರಿಯಾದ ಹದಿಮೂರನೇ ತಿಂಗಳ ಸಂಬಳ. ಒಟ್ಟು 78,000. ಬೋನಸ್ ಬೇರೆ, ಅದನ್ನು ಬಿಡಿ. ಅಂದರೆ ಮಿತಿಗಿಂತ ಬರೀ 600 ಯೂರೋ ಮೇಲೆ. ಬ್ರೋಕರ್ ಇದನ್ನು 'ಅರ್ಹತೆ' ಎಂದು ಬರೆದಿದ್ದ. ನಮಗೆ ಕಂಡದ್ದು ಬೇರೆ. ಈ ಮಿತಿ ಸಾಮಾನ್ಯವಾಗಿ ಪ್ರತಿ ಜನವರಿಯಲ್ಲಿ ಏರುತ್ತದೆ. 2025ರಲ್ಲಿ 73,800 ಇತ್ತು. ಮುಂದಿನ ಜನವರಿಯಲ್ಲಿ ಮಿತಿ ಏರಿ ಸಂಬಳ ಅಷ್ಟೇ ಉಳಿದರೆ, ಪ್ರೈವೇಟ್‌ಗೆ ಸೇರಿ ಒಂಬತ್ತೇ ತಿಂಗಳಿಗೆ ಮತ್ತೆ ಕಡ್ಡಾಯವಾಗಿ ಪಬ್ಲಿಕ್‌ಗೆ ಬರಬೇಕಾಗುತ್ತದೆ. ಆಗ ಬ್ರೋಕರ್ ಇನ್ನೊಂದು ಕಾಗದ ತರುತ್ತಾನೆ, ಕಡ್ಡಾಯದಿಂದ ವಿನಾಯಿತಿ ಕೋರುವ ಅರ್ಜಿ. ಅದಕ್ಕೆ ಮೂರು ತಿಂಗಳ ಗಡುವು ಇದೆ, ಮತ್ತು ಒಮ್ಮೆ ಪಡೆದ ವಿನಾಯಿತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಕುಟುಂಬಸ್ಥರು ಈ ಕಾಗದಕ್ಕೆ ಆತುರದಲ್ಲಿ ಸಹಿ ಹಾಕಲೇಬಾರದು.

278 ಯೂರೋ ಬಂದದ್ದು ಎಲ್ಲಿಂದ

ಪಬ್ಲಿಕ್ ವಿಮೆಯ ಕಂತು ಸಂಬಳದ ಶೇಕಡಾವಾರು. ವಯಸ್ಸು, ಕಾಯಿಲೆ, ಮನೆಯಲ್ಲಿ ಎಷ್ಟು ಜನ ಎಂಬುದು ಲೆಕ್ಕಕ್ಕಿಲ್ಲ. ಮೂಲ ದರ ಶೇ. 14.6, ಅದರ ಮೇಲೆ ಪ್ರತಿ ಕ್ರಾಂಕನ್‌ಕಾಸೆ, ಅಂದರೆ ಪಬ್ಲಿಕ್ ವಿಮಾ ಸಂಸ್ಥೆ, ತನ್ನದೇ ಹೆಚ್ಚುವರಿ ದರ ಹಾಕುತ್ತದೆ. 2026ಕ್ಕೆ ಸರ್ಕಾರ ನಿಗದಿ ಮಾಡಿದ ಸರಾಸರಿ ಶೇ. 2.9. ಎರಡನ್ನೂ ಕಂಪನಿ, ನೌಕರ ಅರ್ಧರ್ಧ ಕಟ್ಟುತ್ತಾರೆ. ಸಂಬಳ ಎಷ್ಟೇ ಇರಲಿ, ತಿಂಗಳಿಗೆ 5,812.50 ಯೂರೋವರೆಗೆ ಮಾತ್ರ ಈ ದರ ತಗಲುತ್ತದೆ. ಮಂಜುನಾಥರ ಪಾಲು 508.59 ಯೂರೋ. ಆರೈಕೆ ವಿಮೆ ಎಂಬ ಇನ್ನೊಂದು ಕಡ್ಡಾಯ ಕಂತು ಎರಡೂ ದಾರಿಯಲ್ಲಿ ಇರುವುದರಿಂದ ಅದನ್ನು ಹೋಲಿಕೆಯಿಂದ ಬಿಟ್ಟೆವು.

ಬ್ರೋಕರ್ ಪಟ್ಟಿಯಲ್ಲಿ ಪ್ರೈವೇಟ್ ಪ್ರೀಮಿಯಂ 460 ಯೂರೋ, ಕಂಪನಿ ಅರ್ಧ ಕೊಟ್ಟರೆ ಕೈಯಿಂದ 230. ಕಳೆದರೆ 278. ಲೆಕ್ಕ ಸರಿ, ಆದರೆ ಅದು ಒಬ್ಬನ ಲೆಕ್ಕ.

ಪಬ್ಲಿಕ್‌ನಲ್ಲಿ ಆ 508 ಯೂರೋದಲ್ಲೇ ಸವಿತಾ, ಮಗಳು ಇಬ್ಬರೂ ಬರುತ್ತಾರೆ. ನಾಳೆ ಹುಟ್ಟುವ ಮಗುವೂ ಬರುತ್ತದೆ. ಪ್ರೈವೇಟ್‌ನಲ್ಲಿ ತಲೆಗೊಂದು ಪ್ರೀಮಿಯಂ. ಬ್ರೋಕರ್‌ನಿಂದಲೇ ಕೇಳಿ ತರಿಸಿದಾಗ ಸವಿತಾಗೆ 430, ಮಗಳಿಗೆ 180 ಎಂದು ಬಂತು, ಅದೂ 'ಆರೋಗ್ಯವಂತರಿಗೆ' ಎಂಬ ಅಡಿಟಿಪ್ಪಣಿಯೊಂದಿಗೆ. ಒಟ್ಟು 1,070. ಕಂಪನಿ ಕುಟುಂಬದ ಪ್ರೀಮಿಯಂಗೂ ಅರ್ಧ ಕೊಡುತ್ತದೆ ನಿಜ, ಆದರೆ ಅದರ ಗರಿಷ್ಠ ಮಿತಿಯೂ 508.59. ಉಳಿದ 561.41 ಮಂಜುನಾಥರ ಕೈಯಿಂದ. ಉಳಿತಾಯ ಹೋಗಿ ತಿಂಗಳಿಗೆ 53 ಯೂರೋ ಜಾಸ್ತಿಯಾಯಿತು. ಇದರ ಮೇಲೆ ಪ್ರತಿ ವಯಸ್ಕರ ಪಾಲಿಸಿಗೂ ವರ್ಷಕ್ಕೆ ಮೊದಲ 600 ಯೂರೋ ಖರ್ಚು ಕೈಯಿಂದಲೇ ಎಂಬ ಷರತ್ತು ಎರಡನೇ ಪುಟದಲ್ಲಿತ್ತು.

ಕಲ್ಲಿನ ಆಪರೇಷನ್ ಬರೆಯಬೇಕೇ?

ಪಬ್ಲಿಕ್‌ನಲ್ಲಿ ಆರೋಗ್ಯದ ಪ್ರಶ್ನೆ ಕೇಳುವುದೇ ಇಲ್ಲ. ಪ್ರೈವೇಟ್ ಅರ್ಜಿಯಲ್ಲಿ ಪುಟಗಟ್ಟಲೆ ಕೇಳುತ್ತಾರೆ. ಹೊರರೋಗಿ ಚಿಕಿತ್ಸೆಯ ಬಗ್ಗೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷ, ಆಸ್ಪತ್ರೆ ದಾಖಲಾತಿಗೆ ಐದು ವರ್ಷ, ಕೆಲವು ಕಡೆ ಹತ್ತು.

ಮಂಜುನಾಥರಿಗೆ 2024ರಲ್ಲಿ ಮೂತ್ರಪಿಂಡದ ಕಲ್ಲನ್ನು ಲೇಸರ್‌ನಲ್ಲಿ ತೆಗೆದಿದ್ದರು. "ಬೆಂಗಳೂರಿನ ಫೈಲು ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು. ಫೈಲು ತರಿಸುವ ಅಗತ್ಯವೇ ಬೀಳುವುದಿಲ್ಲ. ಮುಂದೊಮ್ಮೆ ಸೊಂಟ ನೋವೆಂದು ಸ್ಟುಟ್‌ಗಾರ್ಟ್‌ನ ಡಾಕ್ಟರ ಬಳಿ ಹೋದಾಗ "ಮೊದಲು ಹೀಗಾಗಿತ್ತೇ?" ಎಂದು ಕೇಳುತ್ತಾರೆ, ಇವರು "ಹೌದು, 2024ರಲ್ಲಿ ಭಾರತದಲ್ಲಿ" ಎನ್ನುತ್ತಾರೆ, ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ದೊಡ್ಡ ಬಿಲ್ ಬಂದಾಗ ವಿಮಾ ಕಂಪನಿ ಡಾಕ್ಟರಿಂದ ಪೂರ್ವ ಇತಿಹಾಸ ತರಿಸುತ್ತದೆ. ಮುಚ್ಚಿಟ್ಟದ್ದು ಸಿಕ್ಕರೆ ಮೂರು ವರ್ಷದವರೆಗೆ, ಬೇಕೆಂದೇ ಮುಚ್ಚಿಟ್ಟದ್ದಾದರೆ ಹತ್ತು ವರ್ಷದವರೆಗೆ, ಕಂಪನಿಗೆ ಪಾಲಿಸಿಯಿಂದ ಹಿಂದೆ ಸರಿಯುವ ಹಕ್ಕಿದೆ.

ಸವಿತಾ ಅವರದು ಇನ್ನೂ ನಾಜೂಕು. ವರ್ಷಗಳಿಂದ ಮೆಡಿಕಲ್ ಶಾಪ್‌ನಲ್ಲಿ ಹಳೇ ಚೀಟಿ ತೋರಿಸಿ ಮಾತ್ರೆ ತರುತ್ತಿದ್ದುದರಿಂದ ಅದನ್ನು 'ಚಿಕಿತ್ಸೆ' ಎಂದೇ ಅವರು ಎಣಿಸಿರಲಿಲ್ಲ. ದಿನಾ ನುಂಗುವ ಮಾತ್ರೆ ಚಿಕಿತ್ಸೆಯೇ, ಬರೆಯಲೇಬೇಕು. ಬರೆದರೆ ಪ್ರೀಮಿಯಂ ಮೇಲೆ ಹೆಚ್ಚುವರಿ ಬೀಳಬಹುದು, ಅರ್ಜಿ ತಿರಸ್ಕೃತವೂ ಆಗಬಹುದು. "ಬೇರೆ ಕಂಪನಿ ನಿಮ್ಮ ಅರ್ಜಿ ತಿರಸ್ಕರಿಸಿದೆಯೇ?" ಎಂಬ ಪ್ರಶ್ನೆ ಮುಂದಿನ ಅರ್ಜಿಗಳಲ್ಲಿ ಎದುರಾಗುತ್ತದೆ. ಆದ್ದರಿಂದ ಪ್ರೈವೇಟ್ ಬೇಕೇ ಬೇಕು ಅನ್ನುವವರು ಹೆಸರು ಹಾಕದೆ ಮೊದಲು ವಿಚಾರಣೆ ಮಾಡಿಸಬೇಕು; ಇದನ್ನು ಮಾಡಿಕೊಡದ ಬ್ರೋಕರ್‌ನನ್ನು ಬಿಟ್ಟುಬಿಡಿ.

ಎರಡನೇ ಮಗುವಿನ ವಿಷಯದಲ್ಲಿ ಪ್ರೈವೇಟ್ ಪಾಲಿಸಿಗಳು ಹೆರಿಗೆಗೆ ಎಂಟು ತಿಂಗಳ ಕಾಯುವ ಅವಧಿ ಹಾಕುವುದುಂಟು. ಪಬ್ಲಿಕ್‌ನಲ್ಲಿ ಕಾಯುವ ಅವಧಿ ಇಲ್ಲ. ಹೆರಿಗೆಯ ಮೊದಲು, ಆಮೇಲೆ ಮನೆಗೆ ಬರುವ ಸೂಲಗಿತ್ತಿಯ ಖರ್ಚೂ ಅದರಲ್ಲೇ ಸೇರಿದೆ. ಬಾಣಂತನಕ್ಕೆ ಅಮ್ಮನನ್ನು ಕರೆಸಲು ವೀಸಾ ಸಿಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ಸವಿತಾಗೆ ಇಡೀ ಮಾತುಕತೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಅಂಶ.

ಪ್ರೈವೇಟ್ ಕೆಟ್ಟದ್ದೆಂದು ಹೇಳುತ್ತಿಲ್ಲ. ತಜ್ಞ ವೈದ್ಯರ ಭೇಟಿ ಬೇಗ ಸಿಗುತ್ತದೆ. ಪಬ್ಲಿಕ್‌ನವರು ಚರ್ಮದ ಡಾಕ್ಟರಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವುದು ಉತ್ಪ್ರೇಕ್ಷೆಯಲ್ಲ. ಒಬ್ಬಂಟಿ, ಆರೋಗ್ಯವಂತ, ಸಂಬಳ ಮಿತಿಗಿಂತ ಬಹಳ ಮೇಲೆ, ನಾಲ್ಕೈದು ವರ್ಷಕ್ಕೆ ಊರಿಗೆ ಮರಳುವುದು ಖಚಿತ ಎಂಬವರಿಗೆ ಅದು ಹೊಂದಬಹುದು. ಅಲ್ಲೇ ನೆಲೆ ನಿಲ್ಲುವವರು ಒಂದು ನೆನಪಿಡಬೇಕು: 55 ದಾಟಿದ ಮೇಲೆ ಪ್ರೈವೇಟ್‌ನಿಂದ ಪಬ್ಲಿಕ್‌ಗೆ ಬರುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ, ಸಂಬಳ ನಿಂತರೂ ಪ್ರೀಮಿಯಂ ನಿಲ್ಲುವುದಿಲ್ಲ.

ಕೊಟ್ಟ ಸಲಹೆ

ಪಬ್ಲಿಕ್ ವಿಮೆಗೆ ಸೇರಿ, ಭಾರತದಿಂದ ಹೊರಡುವ ಮೊದಲೇ ಅರ್ಜಿ ಹಾಕಿ. ಸಂಬಳ ಮಿತಿಗಿಂತ ಮೇಲಿರುವವರು ಪಬ್ಲಿಕ್‌ಗೆ ಬರುವುದು ಕಡ್ಡಾಯದಿಂದಲ್ಲ, ಸ್ವಂತ ಇಚ್ಛೆಯಿಂದ. ಜರ್ಮನಿಯಲ್ಲಿ ಮೊದಲ ಸಲ ಕೆಲಸಕ್ಕೆ ಸೇರುವವರು ಸೇರಿದ ಮೂರು ತಿಂಗಳೊಳಗೆ ಅದನ್ನು ತಿಳಿಸಬೇಕು. ಗಡುವು ದಾಟಿದರೆ ಈ ದಾರಿ ಮುಚ್ಚುತ್ತದೆ. ವೀಸಾಕ್ಕೆಂದು ಕೊಂಡ ಅಗ್ಗದ ಪ್ರವಾಸಿ ವಿಮೆಯಲ್ಲೇ ಕಾಲ ತಳ್ಳುವವರು ಸಿಕ್ಕಿಬೀಳುವುದು ಹೀಗೆ. ಆ ವಿಮೆ ಬೇಕಿರುವುದು ಊರು ಬಿಟ್ಟ ದಿನದಿಂದ ಕೆಲಸದ ಮೊದಲ ದಿನದವರೆಗೆ ಮಾತ್ರ. ಮಂಜುನಾಥ ಮಾರ್ಚ್ 22ಕ್ಕೆ ಇಳಿಯುವುದರಿಂದ ಏಪ್ರಿಲ್ 15ರವರೆಗೆ ತೆಗೆದುಕೊಳ್ಳಲು ಹೇಳಿದೆವು. ಸೇರುವ ದಿನ ಮುಂದಕ್ಕೆ ಹೋದರೂ ಮಧ್ಯೆ ಖಾಲಿ ಬೀಳಬಾರದು.

ಯಾವ ಕಾಸೆ ಎಂಬುದಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ. ಟೆಕ್ನಿಕರ್, ಬಾರ್ಮರ್, ಡಿಎಕೆ, ಎಒಕೆ ಯಾವುದೇ ಆಗಲಿ, ಸೌಲಭ್ಯದ ಬಹುಪಾಲನ್ನು ಕಾನೂನೇ ಗೊತ್ತು ಮಾಡಿದೆ. ಹೆಚ್ಚುವರಿ ದರ ಎಷ್ಟು, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆಯೇ ಎಂದು ನೋಡಿದರೆ ಸಾಕು. ದರದಲ್ಲಿ ಶೇ. 1ರ ವ್ಯತ್ಯಾಸವೆಂದರೆ ಇವರಿಗೆ ತಿಂಗಳಿಗೆ 29 ಯೂರೋ. ಹಿಡಿಸದಿದ್ದರೆ ಹನ್ನೆರಡು ತಿಂಗಳಾದ ಮೇಲೆ ಬದಲಿಸಬಹುದು.

ಅರ್ಜಿಗೆ ಪಾಸ್‌ಪೋರ್ಟ್, ಕೆಲಸದ ಒಪ್ಪಂದ, ಫೋಟೋ ಸಾಕು. ವಿಳಾಸ, ಬ್ಯಾಂಕ್ ಖಾತೆ ಆಮೇಲೆ ಕೊಟ್ಟರೂ ಆಗುತ್ತದೆ. ಕಾಸೆಯ ಹೆಸರನ್ನು ಎಚ್‌ಆರ್‌ಗೆ ತಿಳಿಸುವಾಗ, ಕಂತನ್ನು ಕಂಪನಿಯೇ ಕಟ್ಟುತ್ತದೆಯೇ ಎಂದು ಬರಹದಲ್ಲಿ ಕೇಳಿ. ಸ್ವಇಚ್ಛೆಯ ಸದಸ್ಯರ ಕಂತನ್ನು ಕಂಪನಿ ಕಟ್ಟಲೂಬಹುದು, ನೌಕರನಿಗೇ ಬಿಡಲೂಬಹುದು. ನೌಕರನಿಗೆ ಬಿಟ್ಟರೆ ಆರೈಕೆ ವಿಮೆಯೂ ಸೇರಿ 1,226 ಯೂರೋ ಚಿಲ್ಲರೆ ಪ್ರತಿ ತಿಂಗಳು ಖಾತೆಯಿಂದ ಹೋಗುತ್ತದೆ, ಕಂಪನಿಯ ಪಾಲು ಸಂಬಳದ ಜೊತೆ ಬಂದಿರುತ್ತದೆ. ಇದು ಗೊತ್ತಿಲ್ಲದೆ ಮೊದಲ ಸಂಬಳ ಜಾಸ್ತಿ ಬಂತೆಂದು ಖರ್ಚು ಮಾಡಿಕೊಂಡವರಿದ್ದಾರೆ.

ವಿಮೆಯ ಕಾರ್ಡು ಅಂಚೆಯಲ್ಲಿ ಬರುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಜರ್ಮನಿಯ ಅಂಚೆಯವರು ಹಾಕುವುದಿಲ್ಲ, ವಾಪಸ್ ಕಳಿಸುತ್ತಾರೆ. ಬಾಡಿಗೆ ಕೋಣೆಗೆ ಹೋದ ದಿನವೇ ಚೀಟಿಯಲ್ಲಿ ಹೆಸರು ಬರೆದು ಅಂಟಿಸಿ. ಬೇರೆಯವರ ಮನೆಯಾದರೆ ವಿಳಾಸದಲ್ಲಿ ಅವರ ಹೆಸರನ್ನೂ ಸೇರಿಸಿ ಕಾಸೆಗೆ ಕೊಡಿ. ಕಾರ್ಡು ಬರುವ ಮುನ್ನ ಜ್ವರ ಬಂದರೆ ಕಾಸೆಯಿಂದ ತಾತ್ಕಾಲಿಕ ಪ್ರಮಾಣಪತ್ರ ತರಿಸಿಕೊಂಡು ಡಾಕ್ಟರ ಬಳಿ ಹೋಗಬಹುದು. ಹೊಸ ಕೆಲಸದ ಮೊದಲ ನಾಲ್ಕು ವಾರ ಕಾಯಿಲೆ ರಜೆಗೆ ಸಂಬಳ ಕೊಡಬೇಕೆಂಬ ಕಾನೂನಿನ ಬಾಧ್ಯತೆ ಕಂಪನಿಗಿಲ್ಲ, ಆ ದಿನಗಳಿಗೆ ಕಾಸೆಯ ರೋಗಭತ್ಯೆ ಇದೆ. ಪ್ರೈವೇಟ್‌ನಲ್ಲಿ ಇಂಥ ಭತ್ಯೆಯನ್ನು ಬೇರೆಯಾಗಿ ಕೊಳ್ಳಬೇಕು.

ಸಣ್ಣ ಖರ್ಚುಗಳು ಇದ್ದೇ ಇವೆ: ಔಷಧಿಗೆ 5ರಿಂದ 10 ಯೂರೋ, ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನದವರೆಗೆ. ಕನ್ನಡಕ ಮತ್ತು ಹಲ್ಲಿನ ಕ್ಯಾಪ್ ಕೆಲಸ ಊರಲ್ಲೇ ಮುಗಿಸಿಕೊಂಡು ಹೊರಡಿ.

ಜೂನ್‌ನಲ್ಲಿ ಸವಿತಾ, ಮಗಳು ಬಂದು ವಿಳಾಸ ನೋಂದಣಿಯಾದ ಮೇಲೆ ಕುಟುಂಬ ವಿಮೆಯ ಫಾರಂ ತುಂಬಬೇಕು. ಮದುವೆ ಪ್ರಮಾಣಪತ್ರ, ಮಗಳ ಜನನ ಪತ್ರ ಬೇಕು. ಸವಿತಾ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಅರೆಕಾಲಿಕ ಕೆಲಸ ಮುಂದುವರಿಸುವ ಯೋಚನೆಯಲ್ಲಿದ್ದರು. ತಿಂಗಳ ಆದಾಯ 565 ಯೂರೋ ಮೀರಿದರೆ ಕುಟುಂಬ ವಿಮೆ ಹೋಗುತ್ತದೆ, ಅಂದರೆ ರೂಪಾಯಿಯಲ್ಲಿ 60 ಸಾವಿರದ ಆಸುಪಾಸು. ಭಾರತದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಫಾರಂನಲ್ಲಿ ಅದನ್ನು ಬಿಟ್ಟರೆ ಆಮೇಲೆ ಹಿಂದಿನ ತಿಂಗಳುಗಳ ಕಂತನ್ನೆಲ್ಲ ಒಟ್ಟಿಗೆ ಕೇಳುತ್ತಾರೆ.

ಹುಬ್ಬಳ್ಳಿಯ ಅಪ್ಪ ಅಮ್ಮ

ಕುಟುಂಬ ವಿಮೆಯಲ್ಲಿ ತಂದೆ ತಾಯಿ ಬರುವುದಿಲ್ಲ. ಇವರಿಬ್ಬರೂ ಇಲ್ಲಿಯವರೆಗೆ ಮಗನ ಬೆಂಗಳೂರಿನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿದ್ದರು. ರಾಜೀನಾಮೆಯ ಕೊನೆಯ ದಿನಕ್ಕೇ ಅದು ನಿಲ್ಲುತ್ತದೆಂದು ಮಂಜುನಾಥ ಗಮನಿಸಿರಲಿಲ್ಲ. ನೋಟಿಸ್ ಅವಧಿ ಮುಗಿಯುವ ಮೊದಲೇ ಅದೇ ವಿಮಾ ಕಂಪನಿಗೆ ಬರೆದು, ಗ್ರೂಪ್‌ನಿಂದ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಕೇಳಲು ಹೇಳಿದೆವು. ಹಾಗೆ ಮಾಡಿದರೆ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಜಮೆಯಾಗುತ್ತವೆ. ಹೊಸದಾಗಿ ಕೊಂಡರೆ ಬಿಪಿ, ಶುಗರ್‌ಗೆ ಮತ್ತೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಅವರು ಜರ್ಮನಿಗೆ ಬಂದು ಹೋಗುವಾಗ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸಿ ವಿಮೆ ಬೇಕು. ಹಳೇ ಕಾಯಿಲೆಗೆ ಅದರಲ್ಲಿ ಏನೂ ಸಿಗುವುದಿಲ್ಲವೆಂದೇ ಎಣಿಸಿ, ಮೂರು ತಿಂಗಳ ಮಾತ್ರೆಯನ್ನು ಡಾಕ್ಟರ ಚೀಟಿ ಸಮೇತ ಕಟ್ಟಿ ಕಳಿಸಬೇಕು.

ಮಂಜುನಾಥ ಮಾರ್ಚ್ ಮೊದಲ ವಾರ ಕಾಸೆಗೆ ಅರ್ಜಿ ಹಾಕಿದರು. ಕಂತನ್ನು ಕಂಪನಿಯೇ ಕಟ್ಟುವುದಾಗಿ ಎಚ್‌ಆರ್ ಉತ್ತರಿಸಿದೆ. ಅಪ್ಪ ಅಮ್ಮನ ವರ್ಗಾವಣೆ ಅರ್ಜಿಗೆ ವಿಮಾ ಕಂಪನಿ ತಂದೆಯ ಮೂರು ತಿಂಗಳ ಸಕ್ಕರೆ ಸರಾಸರಿಯ ರಿಪೋರ್ಟ್ ಕೇಳಿದೆ, ಅದನ್ನು ಹುಬ್ಬಳ್ಳಿಯಲ್ಲೇ ಮಾಡಿಸುತ್ತಿದ್ದಾರೆ.